ಫೊಂಟೆನ್ಹಾಸ್‌ನ ಹಳೆ ಮನೆ: ಗೋಡೆ ಉಪ್ಪು ಕಾರುತ್ತಿದೆ, ಮೋರಿಯಿಂದ ನೀರು ಉಕ್ಕುತ್ತಿದೆ. ಏನು ಮಾಡಲಿ?

ಖಾನಾವಳಿ ಅಕ್ಕ · ಜುಲೈ 29, ರಾತ್ರಿ 10.20

ಪಣಜಿಯಲ್ಲಿ ಇರುವವರು, ಕಟ್ಟಡದ ಕೆಲಸ ಗೊತ್ತಿರುವವರು ಸ್ವಲ್ಪ ಓದಿ ಹೇಳಿ. ಉದ್ದ ಆಗಿದೆ, ಬೇಜಾರು ಮಾಡ್ಕೋಬೇಡಿ.

ನಾನು ಕಾರವಾರದ ಕಡೆಯವಳು. ಪಣಜಿಯ ಹಳೆ ಕೇರಿ ಫೊಂಟೆನ್ಹಾಸ್‌ನಲ್ಲಿ ಒಂದು ಹಳೆ ಮನೆಯ ಕೆಳಗಡೆ 14 ವರ್ಷದಿಂದ ಖಾನಾವಳಿ ನಡೆಸುತ್ತಿದ್ದೇನೆ. ಮೇಲೆ ಮನೆಯ ಒಡತಿ ಇದ್ದಾರೆ. ಎಂಬತ್ತು ದಾಟಿದೆ, ಬಾಯಿ ಅಂತ ಕರೆಯುತ್ತೇವೆ. ಮನೆ ಚಿರೆಕಲ್ಲಿನದು, ಅಂದರೆ ಕೆಂಪು ಜಂಬಿಟ್ಟಿಗೆ, ಗೋಡೆ ಒಂದೂವರೆ ಮೊಳ ದಪ್ಪ, ಮೇಲೆ ಮಂಗಳೂರು ಹೆಂಚು. ಪ್ರವಾಸಿಗರು ದಿನಾ ಬಂದು ನಮ್ಮ ಹಳದಿ ಗೋಡೆಗೆ ಒರಗಿ ಫೋಟೋ ತೆಗೆಸಿಕೊಳ್ಳುತ್ತಾರೆ. ಆ ಗೋಡೆಯ ಈಚೆ ಬದಿಗೆ ನನ್ನ ಒಲೆ ಇದೆ.

ಏಳು ವರ್ಷದ ಹಿಂದೆ ಗೋಡೆ ಉದುರುತ್ತದೆ ಅಂತ ಕೆಳಗಿನ ನಾಲ್ಕು ಅಡಿಗೆ ಸಿಮೆಂಟ್ ಪ್ಲಾಸ್ಟರ್ ಮಾಡಿಸಿದೆ, ನನ್ನ ದುಡ್ಡಿನಲ್ಲೇ. ಎರಡು ವರ್ಷ ಕನ್ನಡಿ ಹಾಗೆ ಇತ್ತು. ಈಗ ಸಿಮೆಂಟ್ ಮುಗಿದ ಜಾಗದಿಂದ ಮೇಲಕ್ಕೆ ಗೋಡೆ ಉಬ್ಬಿದೆ. ಸವರಿದರೆ ಬಿಳಿ ಹಿಟ್ಟು ಉದುರುತ್ತದೆ. ನಾಲಿಗೆಗೆ ಹಚ್ಚಿ ನೋಡಿದೆ, ನಗಬೇಡಿ, ಉಪ್ಪೇ.

ಎರಡನೇದು ನೀರು. ನಾನು ಬಂದಾಗ ಬಾಗಿಲಿಗೆ ಮೂರು ಮೆಟ್ಟಿಲು ಇತ್ತು. ರಸ್ತೆ ಮೇಲೆ ರಸ್ತೆ ಹಾಕಿ ಈಗ ಒಂದು ಉಳಿದಿದೆ. ಉಳಿದೆರಡು ಡಾಂಬರಿನ ಅಡಿಯಲ್ಲಿ ಇವೆ. ಭೀಮನ ಅಮಾವಾಸ್ಯೆ ದಿನ ಸರಿಯಾಗಿ ಊಟದ ಹೊತ್ತಿಗೆ ಮಳೆ ಬಂತು. ನೀರು ಬಾಗಿಲಿಂದ ಬರಲಿಲ್ಲ. ಪಾತ್ರೆ ತೊಳೆಯುವ ಮೋರಿಯಿಂದ ಗುಳುಗುಳು ಅಂತ ಉಕ್ಕಿತು. ಅರ್ಧ ಗಂಟೆಯಲ್ಲಿ ಮೊಣಕಾಲು. ಖಾಲಿ ಸಿಲಿಂಡರ್ ತೇಲಿಕೊಂಡು ಬಂದು ಊಟದ ಮೇಜಿಗೆ ಡಿಕ್ಕಿ ಹೊಡೆಯಿತು. ಒಬ್ಬರು ಕಾಲು ಮೇಲೆತ್ತಿ ಕೂತುಕೊಂಡೇ ಮೀನು ಸಾರು ಮುಗಿಸಿದರು. ಅವರಿಗೆ ನಮಸ್ಕಾರ.

ಈಗ ಬಾಯಿಯ ಅಣ್ಣನ ಮಗ ಬಂದು ಒಳಗೆಲ್ಲ ವಾಟರ್‌ಪ್ರೂಫ್ ಬಳಿಸೋಣ, ನೆಲ ಎರಡು ಅಡಿ ಏರಿಸಿ ಟೈಲ್ಸ್ ಹಾಕಿಸೋಣ, ಅರ್ಧ ಖರ್ಚು ನಿನ್ನದು ಅನ್ನುತ್ತಿದ್ದಾನೆ. ಹಾಕಲಾ? ಬಿಟ್ಟು ಪರ್ವರಿ ಕಡೆ ಹೊಸ ಅಂಗಡಿ ನೋಡಲಾ?

ಪರ್ವರಿ ಇಂಜಿನಿಯರ್ · ಜುಲೈ 29, ರಾತ್ರಿ 11.05

ಅಕ್ಕಾ, ನಾಳೆ ಬೆಳಗ್ಗೆಯೇ ಮಾಡಬೇಕಾದದ್ದು ಮೊದಲು. ಮೋರಿ ಪೈಪಿಗೆ ನಾನ್ ರಿಟರ್ನ್ ವಾಲ್ವ್ ಹಾಕಿಸಿ. ನೀರು ಹೊರಗೆ ಹೋಗುತ್ತದೆ, ವಾಪಸ್ ಬರಲ್ಲ. ಕಸ ಸಿಕ್ಕಿಕೊಂಡರೆ ಅದರ ಮುಚ್ಚಳ ಕೂರಲ್ಲ, ಹಾಗಾಗಿ ವಾರಕ್ಕೊಮ್ಮೆ ಬಿಚ್ಚಿ ಅನ್ನದ ಅಗಳು, ಕೊಬ್ಬು ತೆಗೆಯಬೇಕು. ಸ್ವಿಚ್ ಬೋರ್ಡುಗಳನ್ನ ಎದೆ ಮಟ್ಟಕ್ಕೆ ಏರಿಸಿ. ಸಿಲಿಂಡರ್‌ಗೆ ಸರಪಳಿ ಹಾಕಿ ಗೋಡೆಗೆ ಕಟ್ಟಿ. ಫ್ರಿಜ್ ಕಲ್ಲಿನ ಮೇಲೆ ಇಡಿ.

ನೆಲ ಎರಡು ಅಡಿ ಏರಿಸುವುದು ಬೇಡ. ಬಾಗಿಲು ತಗ್ಗುತ್ತದೆ, ಕಿಟಕಿ ಸೊಂಟದ ಕೆಳಗೆ ಬರುತ್ತದೆ. ರಸ್ತೆ ಇನ್ನೂ ಏರಿದರೆ ಮತ್ತೆ ಏರಿಸುತ್ತೀರಾ?

ಊಟದ ಹೊತ್ತಿಗೇ ಯಾಕೆ ಬಂತು ಅಂದರೆ, ನಮ್ಮ ಕರಾವಳಿಯಲ್ಲಿ ಅಮಾವಾಸ್ಯೆ ಹುಣ್ಣಿಮೆಯ ದೊಡ್ಡ ಉಬ್ಬರ ಹೆಚ್ಚುಕಮ್ಮಿ ಮಧ್ಯಾಹ್ನಕ್ಕೆ ಮತ್ತು ಮಧ್ಯರಾತ್ರಿಗೆ ಬೀಳುತ್ತದೆ. ಆಗ ಮಾಂಡವಿ ನದಿ ಏರಿರುತ್ತದೆ, ಔರೆಂ ಹಳ್ಳವೂ ಏರಿರುತ್ತದೆ. ಆಲ್ತಿನ್ಹೊ ಗುಡ್ಡದಿಂದ ಇಳಿದ ಮಳೆ ನೀರಿಗೆ ಹೋಗಲು ಜಾಗ ಇಲ್ಲ. ಚರಂಡಿ ಬಾಯಿ ನೀರಿನ ಅಡಿಯಲ್ಲಿ. ನಿಮ್ಮ ಮೋರಿ ಆ ಸಾಲಿನ ಅತಿ ತಗ್ಗಿನ ತೂತು, ಅಷ್ಟೇ. ಉಬ್ಬರದ ಪಟ್ಟಿ ಮೊಬೈಲಲ್ಲಿ ಸಿಗುತ್ತದೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಡಿ.

ದೊಡ್ಡ ಪರಿಹಾರ ಮಾತ್ರ ಹಳ್ಳದ ಬಾಯಿಗೆ ಗೇಟು ಮತ್ತು ಪಂಪು. ಅದಿಲ್ಲದೆ ಮನೆ ಮನೆಯಲ್ಲಿ ಏನು ಮಾಡಿದರೂ ತೇಪೆ.

ಬಾದಾಮಿ ಗೌಂಡಿ · ಜುಲೈ 30, ಬೆಳಗ್ಗೆ 5.40

ಅಕ್ಕಾರ, ನಿಮ್ಮ ಗೋಡೆಗೆ ಆಗಿರುವುದು ನಾನು ಪಣಜಿ, ಮಡಗಾಂವ್‌ನಲ್ಲಿ ಹತ್ತಾರು ಮನೆಯಲ್ಲಿ ನೋಡಿದ್ದೇನೆ. ಒಂದೆರಡು ಮನೆಗೆ ಆ ಸಿಮೆಂಟ್ ಬಳಿದವನೂ ನಾನೇ. ಆಗ ಬುದ್ಧಿ ಇರಲಿಲ್ಲ, ಮಾಲೀಕರು ಹೇಳಿದ್ದು ಮಾಡುತ್ತಿದ್ದೆ.

ಚಿರೆಕಲ್ಲು ರೊಟ್ಟಿ ಇದ್ದ ಹಾಗೆ, ಮೈತುಂಬ ತೂತು. ನೆಲದ ನೀರನ್ನ ಮೇಲಕ್ಕೆ ಎಳೆಯುತ್ತದೆ. ನಿಮ್ಮಲ್ಲಿ ಉಪ್ಪು ನೀರು ಬೇರೆ. ಮೊದಲು ಸುಣ್ಣದ ಗಾರೆ ಇದ್ದಾಗ ಆ ತೇವ ಗಾರೆಯ ಮೂಲಕ ಆರಿ ಹೋಗುತ್ತಿತ್ತು. ಉಪ್ಪು ಗಾರೆಯಲ್ಲೇ ಕೂತು, ಗಾರೆ ಉದುರುತ್ತಿತ್ತು. ಕಲ್ಲು ಉಳಿಯುತ್ತಿತ್ತು. ಉದುರುವುದೇ ಗಾರೆಯ ಕೆಲಸ ರೀ. ನೀವು ಅದನ್ನ ಕಾಯಿಲೆ ಅಂತ ತಿಳಿದು ಸಿಮೆಂಟ್ ಹಾಕಿದಿರಿ. ಈಗ ತೇವ ಸಿಮೆಂಟಿನ ಹಿಂದೆ ಏರುತ್ತದೆ, ಸಿಮೆಂಟ್ ಮುಗಿದ ಜಾಗದಲ್ಲಿ ಹೊರಗೆ ಬರುತ್ತದೆ. ಇನ್ನೂ ಎತ್ತರಕ್ಕೆ ವಾಟರ್‌ಪ್ರೂಫ್ ಬಳಿದರೆ ಇನ್ನೂ ಮೇಲೆ ಏರುತ್ತದೆ. ಕೊನೆಗೆ ಮೇಲಿನ ಮಹಡಿಯ ತೊಲೆ ಕೂತಿರುವ ಜಾಗಕ್ಕೆ ಮುಟ್ಟುತ್ತದೆ. ತೊಲೆಯ ತುದಿ ಕೊಳೆಯುವುದು ಹೊರಗಿನಿಂದ ಕಾಣುವುದಿಲ್ಲ.

ಅರ್ಧ ಖರ್ಚು ಕೊಡಬೇಡಿ. ಕೆಲಸಕ್ಕೆ ಹೊತ್ತಾಯಿತು, ಸಂಜೆ ಬರೆಯುತ್ತೇನೆ.

ಕುಮಟಾದ ಮಾಸ್ತರು · ಜುಲೈ 30, ಬೆಳಗ್ಗೆ 9.15

ತಮ್ಮಾ ಗೌಂಡಿ, ಚೆನ್ನಾಗಿ ಹೇಳಿದಿ. ಓಲ್ಡ್ ಗೋವಾದ ಬೊಂ ಜೀಸಸ್ ಬೆಸಿಲಿಕಾ ನೋಡಿದವರಿಗೆ ಇದು ಬೇಗ ತಿಳಿಯುತ್ತದೆ. 1605ರ ಕಟ್ಟಡ. ಮೂರೂವರೆ ಶತಮಾನ ಮೈಮೇಲೆ ಸುಣ್ಣದ ಗಾರೆ ಇತ್ತು. 1950ರ ದಶಕದಲ್ಲಿ ಪೋರ್ಚುಗೀಸ್ ಸರಕಾರದ ಕಡೆಯಿಂದ ಬಂದ ವಾಸ್ತುಶಿಲ್ಪಿಯೊಬ್ಬರು ಕಲ್ಲು ಕಂಡರೆ ಹಳೆಯದು ಅನ್ನಿಸುತ್ತದೆ ಅಂತ ಗಾರೆಯನ್ನೆಲ್ಲ ಕೆರೆಸಿದರು. ಈಗ ಪ್ರತಿ ಮಳೆಗಾಲ ಕೆಂಪು ಕಲ್ಲು ಸವೆಯುತ್ತಿದೆ. ತಮಾಷೆ ಅಂದರೆ, ಮತ್ತೆ ಗಾರೆ ಮಾಡಬೇಕು ಅಂದರೆ ಜನ ಒಪ್ಪುವುದಿಲ್ಲ. ಕೆಂಪೇ ಅದರ ಮೂಲ ಬಣ್ಣ ಅಂತ ಎರಡು ತಲೆಮಾರು ನಂಬಿಬಿಟ್ಟಿದೆ. ಪೋಸ್ಟ್‌ಕಾರ್ಡು ಕೂಡ ಕೆಂಪೇ.

ಇಂಜಿನಿಯರ್ ಸಾಹೇಬರೇ, ಗೇಟಿನ ವಿಷಯಕ್ಕೆ ನಿಮ್ಮ ಜೊತೆ ಸ್ವಲ್ಪ ಜಗಳ ಇದೆ. ಸ್ನಾನ ಮುಗಿಸಿ ಬರುತ್ತೇನೆ.

ದಾದರ್ ಹುಡುಗಿ · ಜುಲೈ 30, ಬೆಳಗ್ಗೆ 9.40

ಮಾಸ್ತರೇ ಸ್ನಾನಕ್ಕೆ ಬಕೆಟ್ ಸಾಕಾ, ಇಲ್ಲ ಅಕ್ಕನ ಮೋರಿಗೆ ಬರುತ್ತೀರಾ 😄

ಕುಮಟಾದ ಮಾಸ್ತರು · ಜುಲೈ 30, ಬೆಳಗ್ಗೆ 11.30

ಬಂದೆ.

ನಾನು ಹುಟ್ಟಿದ್ದು ಅಘನಾಶಿನಿ ದಂಡೆಯಲ್ಲಿ. ನಮ್ಮಲ್ಲಿ ಗಜನಿ ಗದ್ದೆ ಇವೆ. ಉಪ್ಪು ನೀರಿನ ಪಕ್ಕ ಒಡ್ಡು ಕಟ್ಟಿ ಕಗ್ಗ ಭತ್ತ ಬೆಳೆಯುತ್ತೇವೆ. ಗೋವಾದಲ್ಲಿ ಇದಕ್ಕೆ ಖಜಾನ್ ಅನ್ನುತ್ತಾರೆ. ಸುಮಾರು 18,000 ಹೆಕ್ಟೇರ್ ಖಜಾನ್ ಭೂಮಿ ಇದೆ. ಒಡ್ಡಿನಲ್ಲಿ ಮಾನಸ್ ಅಂತ ಬಾಗಿಲು ಇರುತ್ತದೆ. ಮರದ್ದು. ಉಬ್ಬರದ ನೀರು ತಾನೇ ದೂಡಿ ಅದನ್ನ ಮುಚ್ಚುತ್ತದೆ. ಇಳಿತ ಆದಾಗ ಒಳಗಿನ ನೀರು ದೂಡಿ ತೆರೆಯುತ್ತದೆ. ಕರೆಂಟ್ ಬೇಡ, ಆಪರೇಟರ್ ಬೇಡ. ಸಾಹೇಬರು ಅಕ್ಕನ ಮೋರಿಗೆ ಹೇಳಿದ ವಾಲ್ವ್ ಇದೆಯಲ್ಲ, ಅದೇ ಯುಕ್ತಿ.

ಆದರೆ ಮಾನಸ್ ಒಂದೇ ಕೆಲಸ ಮಾಡಲ್ಲ. ಅದರ ಒಳಗಡೆ ಪೊಯ್ ಅಂತ ತಗ್ಗು ಬಿಟ್ಟಿರುತ್ತಾರೆ. ಬಾಗಿಲು ಮುಚ್ಚಿದ ಆರು ಗಂಟೆ ಗದ್ದೆಯ ನೀರು ಅಲ್ಲಿ ಕಾಯುತ್ತದೆ. ಇದನ್ನೇ ಪೇಟೆಯವರು ಮರೆತದ್ದು. ಹಳ್ಳಕ್ಕೆ ಗೇಟು ಹಾಕುತ್ತೀರಿ ಸರಿ, ಗೇಟು ಮುಚ್ಚಿದಾಗ ಆಲ್ತಿನ್ಹೊದಿಂದ ಬರುವ ನೀರು ಎಲ್ಲಿ ಕೂರಬೇಕು? ಕಾಯುವ ತಗ್ಗನ್ನೆಲ್ಲ ತುಂಬಿ ಕಟ್ಟಡ ಕಟ್ಟಿದ್ದೀರಿ. ಪಣಜಿ ಅಂದರೇನು? ಜೌಗು, ಮರಳು ದಿಬ್ಬ, ಖಜಾನ್. 1843ರಲ್ಲಿ ರಾಜಧಾನಿ ಆಗುವ ಮೊದಲು ಜೌಗನ್ನ ಬಸಿದು ದಿಬ್ಬ ಸಮ ಮಾಡಿ ಕಟ್ಟಿದ ಊರು. ಫೊಂಟೆನ್ಹಾಸ್ ಅಂದರೆ ಸಣ್ಣ ಬುಗ್ಗೆಗಳು ಅಂತ. ನೀರಿನ ಹೆಸರಿಟ್ಟುಕೊಂಡ ಕೇರಿಗೆ ನೀರು ಯಾಕೆ ಬಂತು ಅಂತ ಕೇಳುವುದು ವಿಚಿತ್ರ.

ರಿಬಂದರ್ ಕಡೆ ಹೋಗುವ ಲಿನ್ಹಾರಿಸ್ ಸೇತುವೆ ನೋಡಿ. 1633–34ರಲ್ಲಿ ಕಟ್ಟಿದ್ದು, 3 ಕಿಲೋಮೀಟರಿಗಿಂತ ಉದ್ದ. ಜೌಗಿನ ಮೇಲೆ ಏರಿ ಹಾಕಿದರೂ ನಡುನಡುವೆ ಕಮಾನು ಬಿಟ್ಟರು. ಈಚೆ ಉಪ್ಪಿನಾಗರ, ಆಚೆ ನದಿ, ನೀರು ಆಡಿಕೊಂಡು ಇರಲಿ ಅಂತ. ಇವತ್ತೂ ಅದರ ಮೇಲೆ ಬಸ್ಸು ಓಡುತ್ತಿದೆ.

ಪರ್ವರಿ ಇಂಜಿನಿಯರ್ · ಜುಲೈ 30, ಮಧ್ಯಾಹ್ನ 1.10

ಮಾಸ್ತರೇ, ಕಥೆ ಚೆನ್ನಾಗಿದೆ. ಆದರೆ ಮಾನಸ್ ಕಟ್ಟಿದವರ ಸಮುದ್ರ ಈಗಿನ ಸಮುದ್ರ ಅಲ್ಲ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿ ಲೆಕ್ಕದಲ್ಲಿ 1901ರಿಂದ 2018ರ ಒಳಗೆ ಜಗತ್ತಿನ ಸಮುದ್ರ ಮಟ್ಟ ಸರಾಸರಿ 20 ಸೆಂಟಿಮೀಟರ್ ಏರಿದೆ. ಹೆಚ್ಚುಕಮ್ಮಿ ಒಂದು ಗೇಣು. ಎಲ್ಲರೂ ಸುಧಾರಿಸಿಕೊಂಡರೂ 2100ರ ಹೊತ್ತಿಗೆ ಇನ್ನೊಂದು ಗೇಣಿನ ಮೇಲೆ. ಸುಧಾರಿಸದಿದ್ದರೆ ಒಂದು ಮೀಟರ್ ತನಕ. ಚರಂಡಿ ಬಾಯಿ ಈಗ ದಿನಕ್ಕೆ ಕೆಲವು ಗಂಟೆ ಮುಳುಗುತ್ತದೆ. ಗೇಣು ಗೇಣು ಏರಿದರೆ ಇಳಿತದಲ್ಲೂ ನೀರು ಹೋಗಲ್ಲ. ಆಗ ನಿಮ್ಮ ಮರದ ಬಾಗಿಲು ಮುಚ್ಚಿಕೊಂಡೇ ಕೂರುತ್ತದೆ.

ಮಳೆಯೂ ಬದಲಾಗಿದೆ. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಸುಮಾರು 7% ಜಾಸ್ತಿ ತೇವ ಹಿಡಿಯುತ್ತದೆ. ಹಿಡಿದದ್ದನ್ನ ಒಂದೇ ಸಲ ಸುರಿಯುತ್ತದೆ. ಪಂಪಿಲ್ಲದೆ ಆಗಲ್ಲ. ವೆನಿಸ್‌ನವರು 78 ಗೇಟು ಹಾಕಿಕೊಂಡು 2020ರ ಅಕ್ಟೋಬರ್‌ನಿಂದ ಎತ್ತುತ್ತಿದ್ದಾರೆ. ಸಾವಿರಾರು ಕೋಟಿ ಸುರಿದರು, ಆದರೆ ಊರು ಉಳಿಯಿತು.

ಕುಮಟಾದ ಮಾಸ್ತರು · ಜುಲೈ 30, ಮಧ್ಯಾಹ್ನ 1.50

ವೆನಿಸ್ ವಿಷಯ ಪೂರ್ತಿ ಹೇಳಿ ಸಾಹೇಬರೇ. ಆ ಗೇಟು ಎತ್ತುವುದು 110 ಸೆಂಟಿಮೀಟರ್ ದಾಟುವ ಉಬ್ಬರಕ್ಕೆ. ಸೇಂಟ್ ಮಾರ್ಕ್ ಚೌಕ ಅದಕ್ಕಿಂತ ಎಷ್ಟೋ ಕಡಿಮೆಗೇ ಮುಳುಗುತ್ತದೆ. ಹಾಗಾಗಿ ಅಲ್ಲಿನ ಇಗರ್ಜಿಯ ಸುತ್ತ 2022ರಲ್ಲಿ ಬೇರೆಯೇ ಗಾಜಿನ ತಡೆ ಕಟ್ಟಿದರು. ಅಷ್ಟು ದೊಡ್ಡ ಗೇಟು ಇದ್ದೂ ಹೊಸ್ತಿಲಲ್ಲಿ ಹಲಗೆ ಬೇಕೇ ಬಂತು. ಪಂಪು ಬೇಡ ಅಂತ ನಾನು ಹೇಳಿಲ್ಲ. ಪಂಪಿನವನ ದಾರಿ ಕಾಯುತ್ತಾ ಅಕ್ಕ ಹೊಸ್ತಿಲು ಮರೆಯಬಾರದು ಅಂತ ಅಷ್ಟೇ.

ದಾದರ್ ಹುಡುಗಿ · ಜುಲೈ 30, ಮಧ್ಯಾಹ್ನ 2.30

ನಮ್ಮ ಮುಂಬೈ ದಾದರ್‌ನ ಹಿಂದ್‌ಮಾತಾ ಕಥೆ ಕೇಳಿ. ಬೋಗುಣಿ ಹಾಗೆ ತಗ್ಗು ಜಾಗ. ಅಜ್ಜನ ಕಾಲದಿಂದ ಪ್ರತಿ ಮಳೆಗೆ ಸೊಂಟದವರೆಗೆ ನೀರು. ಪಂಪ್ ಹಾಕಿದರು, ಸಾಲಲಿಲ್ಲ. 2021ರ ಹೊತ್ತಿಗೆ ಪಕ್ಕದ ಪ್ರಮೋದ್ ಮಹಾಜನ್ ಪಾರ್ಕ್ ಮತ್ತು ಸೇಂಟ್ ಝೇವಿಯರ್ ಮೈದಾನದ ಅಡಿಯಲ್ಲಿ ದೊಡ್ಡ ಟ್ಯಾಂಕ್ ಕಟ್ಟಿದರು. ಉಬ್ಬರ ಇರುವ ತನಕ ನೀರನ್ನ ಅಲ್ಲಿ ತುಂಬಿಸಿ, ಇಳಿದ ಮೇಲೆ ಬಿಡುವುದು. ಮಾಸ್ತರ ಪೊಯ್ ಅಂದರೆ ಇದೇ ಅಲ್ವಾ? ನೀರು ನಿಲ್ಲುವುದು ಪೂರ್ತಿ ಹೋಗಿಲ್ಲ, ಆದರೆ ಬೇಗ ಇಳಿಯುತ್ತದೆ.

ಮತ್ತೆ ಇಂಜಿನಿಯರ್ ಸರ್, ಸರಾಸರಿ ಲೆಕ್ಕ ಜಾಸ್ತಿ ನಂಬಬೇಡಿ. 2005ರ ಜುಲೈ 26ರಂದು ಸಾಂತಾಕ್ರೂಜ್‌ನಲ್ಲಿ 944 ಮಿಲಿಮೀಟರ್. ಅದೇ ದಿನ ಕೊಲಾಬಾದಲ್ಲಿ 73. ಒಂದೇ ಊರು! ಯಾವುದಕ್ಕೆ ಚರಂಡಿ ಕಟ್ಟುತ್ತೀರಿ?

ಅಕ್ಕಾ, ನನಗೆ ಬೇರೆ ಅನುಮಾನ. ನಿಮ್ಮದು ಹಳೇ ಬಾಡಿಗೆಯಾ? ನಮ್ಮ ಚಾಳ್‌ನಲ್ಲಿ ಬಾಡಿಗೆ ಇನ್ನೂ ನೂರರ ಲೆಕ್ಕದಲ್ಲಿದೆ. ಮಾಲೀಕ ರಿಪೇರಿ ಮಾಡಲ್ಲ, ನಾವೂ ಮಾಡಲ್ಲ. ಕಟ್ಟಡ ಬೀಳಲಿ ಅಂತ ಒಬ್ಬ ಕಾಯುತ್ತಾನೆ, ನಮ್ಮ ಮೇಲೆ ಬೀಳದಿರಲಿ ಅಂತ ನಾವು. ಗಾರೆಯಾ ಸಿಮೆಂಟಾ ಅನ್ನುವುದು ಆಮೇಲಿನ ಮಾತು.

ಖಾನಾವಳಿ ಅಕ್ಕ · ಜುಲೈ 30, ಸಂಜೆ 4.45

ಬಾಡಿಗೆ ಅಷ್ಟು ಕಡಿಮೆ ಏನಿಲ್ಲ ತಂಗೀ. ಆದರೆ ಮನೆ ಬಾಯಿ ಒಬ್ಬರದಲ್ಲ. ಲಿಸ್ಬನ್‌ನಲ್ಲಿ ಇಬ್ಬರು, ಲಂಡನ್‌ನಲ್ಲಿ ಒಬ್ಬರು, ಇಲ್ಲಿ ಈ ಅಣ್ಣನ ಮಗ. ಒಂದು ಹೆಂಚು ಬದಲಿಸಲೂ ನಾಲ್ಕು ಸಹಿ ಬೇಕು.

ವಾಲ್ವ್ ಹಾಕಿಸಿದೆ. ಪ್ಲಂಬರ್ ಹುಬ್ಬಳ್ಳಿ ಹುಡುಗ, ಮೊದಲು ತಿರುಗುಮುರುಗು ಹಾಕಿದ್ದ. ಪಾತ್ರೆ ತೊಳೆದ ನೀರೆಲ್ಲ ಅಡುಗೆ ಮನೆಯಲ್ಲೇ ನಿಂತಾಗ ಗೊತ್ತಾಯಿತು.

ಸದಾಶಿವ ಪೇಠೆ ನಿವಾಸಿ · ಜುಲೈ 30, ರಾತ್ರಿ 8.00

ಪುಣೆಯಿಂದ ಎರಡು ಮಾತು. ನಮ್ಮದು ವಾಡೆ. ಕೆಳಗೆ ಕಲ್ಲು, ಮೇಲೆ ಸಾಗವಾನಿ ಕಂಬ ತೊಲೆ, ಮಣ್ಣಿನ ಗೋಡೆ, ನಡುವೆ ಚೌಕ. ಊರ ಕಡೆ ತೊಟ್ಟಿ ಮನೆ ಇದ್ದ ಹಾಗೆ. ಮೇ ತಿಂಗಳಲ್ಲಿ ಹೊರಗೆ 40 ಡಿಗ್ರಿ ಇದ್ದರೂ ಚೌಕದ ಪಕ್ಕ ಮಲಗಿದರೆ ಫ್ಯಾನ್ ಸಾಕು. ಅಕ್ಕಪಕ್ಕದ ವಾಡೆ ಒಡೆದು ಏಳಂತಸ್ತು ಎದ್ದ ಮೇಲೆ ಗಾಳಿ ನಿಂತಿತು. ಅವರ ಎ.ಸಿ.ಗಳ ಬಿಸಿ ಗಾಳಿ ನಮ್ಮ ಚೌಕಕ್ಕೆ ಬೀಳುತ್ತದೆ. ಮನೆ ಹಾಗೇ ಇದೆ, ಸುತ್ತಲಿನ ಊರು ಬದಲಾಯಿತು.

ನೀರಿನ ವಿಷಯ. ಪೇಶ್ವೆ ನಾನಾಸಾಹೇಬರ ಕಾಲದಲ್ಲಿ ಕಾತ್ರಜ್‌ನಿಂದ ನೆಲದಡಿಯ ಕಾಲುವೆಯಲ್ಲಿ ನೀರು ತಂದು ಪೇಠೆಗಳ ನೀರಿನ ತೊಟ್ಟಿಗಳಿಗೆ ಬಿಟ್ಟರು. ಆಂಬಿಲ್ ಓಢಾ ಅನ್ನುವ ಹಳ್ಳವನ್ನೂ ಊರ ಆಚೆಗೆ ತಿರುಗಿಸಿದರು. ಈಗ ಆ ಹಳ್ಳದ ಪಾತ್ರದಲ್ಲೇ ಮನೆ, ಗೋಡೆ, ಪಾರ್ಕಿಂಗ್. 2019ರ ಸೆಪ್ಟೆಂಬರ್ 25ರ ರಾತ್ರಿ ಅದು ಉಕ್ಕಿದಾಗ ಜನ ಕೊಚ್ಚಿಹೋದರು. ನಮ್ಮ ಹಿರಿಯರು 1961ರ ಜುಲೈ 12ನ್ನ ಇನ್ನೂ ಮರೆತಿಲ್ಲ. ಪಾನ್‌ಶೇತ್ ಅಣೆಕಟ್ಟು ಒಡೆದ ದಿನ. ನದಿ ಪಕ್ಕದ ಪೇಠೆಗಳಲ್ಲಿ ಮಣ್ಣಿನ ಗೋಡೆಗಳು ನೆನೆದು ಕುಸಿದವು. ಹಾಗಾಗಿ ಗೌಂಡಿ ಅಣ್ಣ, ಉಸಿರಾಡುವ ಗೋಡೆ ಚೆಂದ ನಿಜ, ಆದರೆ ನೀರಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದೂ ಮುಖ್ಯ.

ಬಾದಾಮಿ ಗೌಂಡಿ · ಜುಲೈ 30, ರಾತ್ರಿ 9.30

ಮಣ್ಣು ಬೇರೆ, ಚಿರೆಕಲ್ಲು ಬೇರೆ ಸರ್. ಚಿರೆಕಲ್ಲು ಗಣಿಯಲ್ಲಿ ಮೆತ್ತಗೆ, ಕೊಡಲಿಯಲ್ಲಿ ಕಡಿಯಬಹುದು. ಗಾಳಿಗೆ ಬಿದ್ದ ಮೇಲೆ ಗಟ್ಟಿ. ನೆನೆದರೆ ಕರಗುವುದಿಲ್ಲ, ಆದರೆ ಆರಲು ತಿಂಗಳುಗಟ್ಟಲೆ ಬೇಕು. ನೀವು ಹೇಳಿದ್ದು ಒಂದು ಸರಿ: ಬಾಗಿಲಿಗೆ ಹಲಗೆ ಕೂರಿಸಿ ನೀರು ತಡೆಯುವವರು ಮೊಣಕಾಲು ಮಟ್ಟದ ತನಕ ತಡೆಯಲಿ. ಹೊರಗೆ ಸೊಂಟದವರೆಗೆ ನೀರು, ಒಳಗೆ ಖಾಲಿ ಅಂದರೆ ಆ ಭಾರ ಎಲ್ಲ ಗೋಡೆ ಮೇಲೆ. ಹಳೆ ಗೋಡೆ ಒಳಗೆ ಬಾಗುತ್ತದೆ. ಅಷ್ಟು ಬಂದರೆ ಹಲಗೆ ತೆಗೆದು ನೀರನ್ನ ಒಳಗೆ ಬಿಡಬೇಕು. ಸಾಮಾನು ಮೊದಲೇ ಮೇಲೆ ಇಟ್ಟಿರಬೇಕು.

ಈಗ ಅಕ್ಕಾರ ಗೋಡೆ. ಮಳೆಗಾಲದಲ್ಲಿ ಗಾರೆ ಹಾಕಬೇಡಿ. ಈಗ ಮಾಡುವುದು ಒಂದೇ, ಸಿಮೆಂಟ್ ಕಿತ್ತು ಗೋಡೆ ಬೋಳಾಗಿ ಬಿಡುವುದು. ಒಲೆಯ ಬಿಸಿಗೆ ಸ್ವಲ್ಪ ಆರುತ್ತದೆ. ಉಪ್ಪು ಹೊರಗೆ ಬಂದಂತೆಲ್ಲ ಒಣ ಬ್ರಷ್‌ನಲ್ಲಿ ಕೆರೆದು ತೆಗೆಯಿರಿ. ನೀರು ಹಾಕಿ ತೊಳೆಯಬೇಡಿ, ಉಪ್ಪು ಮತ್ತೆ ಒಳಗೆ ಹೋಗುತ್ತದೆ. ದೀಪಾವಳಿ ಕಳೆದ ಮೇಲೆ ಸುಣ್ಣದ ಗಾರೆ. ನಮ್ಮ ಕಡೆ ಗಿಲಾವು ಅನ್ನುತ್ತೇವೆ. ಬಣ್ಣ ಹಚ್ಚುವಾಗ ಪ್ಲಾಸ್ಟಿಕ್ ಪೇಂಟ್ ತರಬೇಡಿ, ಸುಣ್ಣದಲ್ಲಿ ಬಣ್ಣ ಕಲಸಿ. ಒಳಗೆ ಗಾರೆ ಮಾಡಿ ಮೇಲೆ ಪ್ಲಾಸ್ಟಿಕ್ ಹಚ್ಚುವುದು ಅಂದರೆ ಹತ್ತಿ ಅಂಗಿ ಮೇಲೆ ರೇನ್‌ಕೋಟ್ ಹಾಕಿಕೊಂಡು ಮಲಗಿದ ಹಾಗೆ.

ಶನಿವಾರ ಸಂಜೆ ಬರುತ್ತೇನೆ. ಊಟ ಹಾಕಿದರೆ ಕೂಲಿ ಬೇಡ.

ವಾಸ್ಕೊ ತಗಡು · ಜುಲೈ 31, ರಾತ್ರಿ 12.15

ಎಲ್ಲ ಓದಿದೆ. ಸಿಟ್ಟು ಬಂತು, ಕ್ಷಮಿಸಿ. ನನ್ನ ಅಪ್ಪ ಅಮ್ಮ ಕೊಪ್ಪಳ ಕಡೆಯಿಂದ ಬಂದವರು. ನಾವಿರುವುದು ತಗಡಿನ ಕೋಣೆ. ಏಪ್ರಿಲ್‌ನಲ್ಲಿ ರಾತ್ರಿ ಹನ್ನೊಂದಕ್ಕೂ ಗೋಡೆ ಮುಟ್ಟಲು ಆಗಲ್ಲ. ಮಳೆಗಾಲದಲ್ಲಿ ಹಿಂದಿನ ಗುಡ್ಡ ಜಾರುತ್ತದಾ ಅಂತ ಅಮ್ಮ ಎದ್ದು ಕೂರುತ್ತಾಳೆ. ಫೊಂಟೆನ್ಹಾಸ್ ಗೋಡೆ ಉಬ್ಬಿದರೆ ಇಷ್ಟು ಜನ ಬರೆಯುತ್ತೀರಿ. ಹವಾಮಾನ ಬದಲಾವಣೆ ಮೊದಲು ಬಂದದ್ದು ನಮ್ಮ ಮನೆಗೆ. ನಮ್ಮದು ಪಾರಂಪರಿಕ ಅಲ್ಲ, ಅದಕ್ಕೇ ಸುದ್ದಿ ಇಲ್ಲ.

ಖಾನಾವಳಿ ಅಕ್ಕ · ಜುಲೈ 31, ಬೆಳಗ್ಗೆ 6.30

ತಮ್ಮಾ, ನೀನು ಹೇಳಿದ್ದಕ್ಕೆ ನನ್ನ ಹತ್ತಿರ ಉತ್ತರ ಇಲ್ಲ. ನಾನೂ ರಾತ್ರಿ ಮಲಗುವುದು ತಗಡಿನ ಅಡಿಯಲ್ಲೇ, ಮೇರ್ಶಿಯಲ್ಲಿ. ಹಳೆ ಮನೆಯಲ್ಲಿ ಅಡುಗೆ ಮಾತ್ರ ನನ್ನದು.

ನಿನ್ನ ಹೆಸರು ತಗಡು ಅಂತ ಯಾಕೆ?

ವಾಸ್ಕೊ ತಗಡು · ಜುಲೈ 31, ಮಧ್ಯಾಹ್ನ 1.40

ತಗಡು ಹಾಕುವ ಕೆಲಸ ಅಕ್ಕಾ. ನಿಮ್ಮ ಪಣಜಿಯಲ್ಲೇ ಎಷ್ಟೋ ಹೆಂಚಿನ ಮನೆ ಮೇಲೆ ನಾನೇ ತಗಡು ಹೊದಿಸಿದ್ದೇನೆ. ಯಾಕೆ ಹಾಕಿಸುತ್ತಾರೆ ಗೊತ್ತಾ? ಹೆಂಚು ಕೈಯಾಡಿಸುವವರು ಸಿಗುವುದಿಲ್ಲ. ಪ್ರತಿ ವರ್ಷ ಮಳೆಗೆ ಮುಂಚೆ ಹತ್ತಿ, ಒಡೆದ ಹೆಂಚು ಬದಲಿಸಿ, ಪಾಚಿ ಕೆರೆದು, ಕೊಳೆತ ರೀಪು ತೆಗೆಯಬೇಕು. ಆ ಕೆಲಸ ಗೊತ್ತಿದ್ದವರಿಗೆ ವಯಸ್ಸಾಯಿತು. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬಂತಲ್ಲ, ಆಮೇಲೆ ನಮಗೆ ಎರಡು ತಿಂಗಳು ಬಿಡುವಿಲ್ಲದ ಕೆಲಸ. ಹೆಂಚು ಹಾರಿದ ಮನೆಯವರೆಲ್ಲ ತಗಡು ಅಂದರು. ಹಾಕಿದೆವು. ಬೇಸಿಗೆಯಲ್ಲಿ ಮತ್ತೆ ಕರೆದು ಬಿಸಿ ತಡೆಯಲ್ಲ, ಒಳಗೆ ಸೀಲಿಂಗ್ ಮಾಡು ಅಂದರು. ಅದನ್ನೂ ಮಾಡಿದೆವು. ಆಮೇಲೆ ಎ.ಸಿ.ಯವನು ಬಂದ.

ಹೆಂಚಿನ ಸಂದಿಯಲ್ಲಿ ಬಿಸಿ ಗಾಳಿ ಹೊರಗೆ ಹೋಗುತ್ತಿತ್ತು ಅಂತ ತಗಡು ಹಾಕುವ ನನಗೇ ಗೊತ್ತಿದೆ. ಕೇಳಿದರೆ ಹೇಳುತ್ತೇನೆ, ಯಾರೂ ಕೇಳಲ್ಲ.

ಕುಮಟಾದ ಮಾಸ್ತರು · ಜುಲೈ 31, ಸಂಜೆ 5.20

ತಮ್ಮಾ, ಮೊದಲ ಹೆಂಚಿನ ಕಾರ್ಖಾನೆ ನಮ್ಮ ಮಂಗಳೂರಿನ ಜೆಪ್ಪುವಿನಲ್ಲಿ, ನೇತ್ರಾವತಿ ದಂಡೆಯಲ್ಲಿ 1865ರಲ್ಲಿ ಶುರುವಾಯಿತು, ಬಾಸೆಲ್ ಮಿಶನ್‌ದು. ಗೋವಾಕ್ಕೆಲ್ಲ ಮಾಡು ಹೊದಿಸಿದ್ದು ಅಲ್ಲಿಯ ಹೆಂಚು. ಒಂದು ಹೆಂಚು ಒಡೆದರೆ ಒಂದನ್ನೇ ಬದಲಿಸಬಹುದು, ಅದರ ಚೆಂದ ಅದು. ಯಾವುದನ್ನೂ ಒಂದೇ ಸಲ ಶಾಶ್ವತ ಮಾಡಲು ಹೊರಟವರಲ್ಲ ಆ ಕಾಲದವರು. ಪೋರ್ಚುಗೀಸರ ಆಳ್ವಿಕೆಯಲ್ಲಿ ಮಳೆಗಾಲ ಮುಗಿದ ಮೇಲೆ ಪ್ರತಿ ವರ್ಷ ಮನೆಗೆ ಬಣ್ಣ ಹೊಡೆಸಲೇಬೇಕು ಅಂತ ನಿಯಮವೇ ಇತ್ತು. ನಾವೀಗ ಹತ್ತು ವರ್ಷದ ಗ್ಯಾರಂಟಿ ಕೇಳುತ್ತೇವೆ.

ಪರ್ವರಿ ಇಂಜಿನಿಯರ್ · ಜುಲೈ 31, ರಾತ್ರಿ 9.00

ವಾಸ್ಕೊ ತಮ್ಮನ ಮಾತು ತಲೆಯಲ್ಲಿ ಕೂತಿತು. ನಾನು ಗೇಟು ಪಂಪು ಅಂತ ಹೇಳುತ್ತಲೇ ಇರುತ್ತೇನೆ, ಅದನ್ನ ಬಿಡಲ್ಲ. ಆದರೆ ಕೈಯಾಡಿಸುವವರು ಇಲ್ಲದೆ ಪಂಪೂ ಕೆಡುತ್ತದೆ. ನಮ್ಮ ಅಂದಾಜು ಪಟ್ಟಿಯಲ್ಲಿ ಹೊಸ ಕಾಮಗಾರಿಗೆ ಸಾಲು ಇರುತ್ತದೆ, ವರ್ಷ ವರ್ಷದ ಆರೈಕೆಗೆ ಇರಲ್ಲ. ಇದ್ದರೂ ಮೊದಲು ಕತ್ತರಿ ಬೀಳುವುದು ಅದಕ್ಕೇ. ನಾನೇ ಹಾಕಿದ್ದೇನೆ ಕತ್ತರಿ.

ಮಾಸ್ತರೇ, ಹಳ್ಳದ ದಂಡೆಯಲ್ಲಿ ಪಾಟೋ ಕಡೆ ಉಪ್ಪು ನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡ ಇನ್ನೂ ಇವೆಯಲ್ಲ, ಆ ತಗ್ಗನ್ನಾದರೂ ತುಂಬದೆ ಬಿಟ್ಟರೆ ನಿಮ್ಮ ಪೊಯ್ ಸಿಕ್ಕಂತೆ ಆಗುತ್ತದಾ?

ಕುಮಟಾದ ಮಾಸ್ತರು · ಜುಲೈ 31, ರಾತ್ರಿ 9.10

ಅರ್ಧ ಸಿಕ್ಕಂತೆ. ಇನ್ನರ್ಧ ಆಲ್ತಿನ್ಹೊ ಮೇಲೆ. ಅಂಗಳಕ್ಕೆಲ್ಲ ಕಾಂಕ್ರೀಟ್ ಬಳಿಯುವುದು ನಿಲ್ಲಲಿ, ಹಳೆ ಬಾವಿಗಳಿಗೆ ಮಳೆ ನೀರು ಬಿಡಲಿ.

ಖಾನಾವಳಿ ಅಕ್ಕ · ಆಗಸ್ಟ್ 3, ರಾತ್ರಿ 10.50

ಶನಿವಾರ ಗೌಂಡಿ ಅಣ್ಣ ಬಂದಿದ್ದರು. ಉಳಿ ಇಟ್ಟು ಎರಡು ಏಟು ಹಾಕಿದ್ದೇ ತಡ, ಸಿಮೆಂಟ್ ಹಪ್ಪಳದ ಹಾಗೆ ಒಂದೇ ಹಾಳೆಯಾಗಿ ಎದ್ದು ಬಂತು. ಹಿಂದೆ ಕಲ್ಲು ಕಪ್ಪಾಗಿ, ಬೆವರಿದ ಹಾಗೆ. ಕೈ ಇಟ್ಟರೆ ತಣ್ಣಗೆ. ಕೆಳಗೆ ಒಂದು ಕಡೆ ಹಳೆ ಗಾರೆ ಅಂಗೈ ಅಗಲ ಉಳಿದಿತ್ತು. ಅದರಲ್ಲಿ ಚಿಪ್ಪಿನ ಚೂರುಗಳು. ಅಣ್ಣ ಅದನ್ನ ಉಗುರಲ್ಲಿ ಕೆರೆದು, ಇದು ಚಿಪ್ಪಿ ಸುಣ್ಣ, ನೋಡಿ ಇನ್ನೂ ಗಟ್ಟಿ, ಇದನ್ನ ಮುಟ್ಟಬೇಡಿ ಅಂದರು. ನಾಲ್ಕಡಿ ಎತ್ತರದಲ್ಲಿ ಉಬ್ಬಿದ್ದ ಜಾಗದ ಕಲ್ಲು ಮಾತ್ರ ಬೆರಳಿಗೆ ಪುಡಿ ಆಗುತ್ತಿತ್ತು. ಎರಡು ಕಲ್ಲು ಬದಲಿಸಬೇಕಂತೆ. ತೊಲೆ ತನಕ ಮುಟ್ಟಿಲ್ಲ, ಬಚಾವ್.

ಬಾಯಿ ಕೋಲೂರಿಕೊಂಡು ಇಳಿದು ಬಂದರು. ಬೋಳು ಗೋಡೆ ನೋಡಿ ಬೈಯುತ್ತಾರೆ ಅಂದುಕೊಂಡೆ. ಚಿಕ್ಕವರಿದ್ದಾಗ ಮೇ ಕೊನೆಗೆ ಮಳೆ ಬಡಿಯುವ ಗೋಡೆಗೆ ತೆಂಗಿನ ಮಡಲಿನ ತಟ್ಟಿ ಕಟ್ಟುತ್ತಿದ್ದರಂತೆ. ನಮ್ಮ ಕಾರವಾರದಲ್ಲೂ ಕಟ್ಟುತ್ತಿದ್ದೆವಲ್ಲ ಅಂದೆ. ಯಾವಾಗ ಬಿಟ್ಟಿರಿ ಅಂದರು. ನನಗೆ ನೆನಪಾಗಲಿಲ್ಲ. ಅವರಿಗೂ ಆಗಲಿಲ್ಲ.

ಅಣ್ಣನ ಮಗನಿಗೆ ಬಾಯಿಯೇ ಫೋನ್ ಮಾಡಿ ಟೈಲ್ಸ್ ಬೇಡ ಅಂದಿದ್ದಾರೆ. ಅವನು ಸಿಟ್ಟಾಗಿದ್ದಾನೆ. ಸಹಿ ಮಾಡಲ್ಲ ಅನ್ನುತ್ತಿದ್ದಾನೆ. ಮುಂದಿನ ಬಾಡಿಗೆ ಕರಾರಿನ ಹೊತ್ತಿಗೆ ಇದು ನನ್ನ ತಲೆಗೇ ಬರುತ್ತದೆ, ಗೊತ್ತು.

ಖಾನಾವಳಿ ಅಕ್ಕ · ಆಗಸ್ಟ್ 23, ಮಧ್ಯಾಹ್ನ 3.30

ಇವತ್ತು ಅಮಾವಾಸ್ಯೆ. ಹನ್ನೆರಡಕ್ಕೆ ಮಳೆ. ವಾಲ್ವ್ ಹಿಡಿಯಿತು. ಮೋರಿ ಒಳಗೆ ನೀರು ಗುದ್ದುವ ಸದ್ದು ಕೇಳುತ್ತಿತ್ತು, ಒಳಗೆ ಬರಲಿಲ್ಲ. ಬಾಗಿಲಿಗೆ ಬಡಗಿ ಹತ್ತಿರ ಹಲಗೆ ಕೂರುವ ಸೀಳು ಮಾಡಿಸಿ ಎರಡು ಹಲಗೆ ಇಳಿಸಿದ್ದೆ. ಸಂದಿಯಲ್ಲಿ ಸ್ವಲ್ಪ ಜಿನುಗಿತು, ಗೋಣಿಚೀಲ ತುರುಕಿದೆವು. ಗಿರಾಕಿಗಳು ಹಲಗೆ ದಾಟಿ ಬಂದು ಊಟ ಮಾಡಿದರು. ಎದುರಿನ ಅಂಗಡಿಗೆ ನುಗ್ಗಿತು. ನಾನು ತಡೆದ ನೀರು ಅವರ ಕಡೆ ಹೋಯಿತಾ ಅಂತ ಒಂದು ಸಂಕಟ ಉಳಿದಿದೆ. ಇಂಜಿನಿಯರ್ ಸರ್, ಹಾಗೆ ಆಗುತ್ತದಾ?

ಪರ್ವರಿ ಇಂಜಿನಿಯರ್ · ಆಗಸ್ಟ್ 23, ಸಂಜೆ 6.15

ನಿಮ್ಮ ಒಂದು ಕೋಣೆಯಿಂದ ಲೆಕ್ಕಕ್ಕೆ ಸಿಗುವಷ್ಟು ಆಗಲ್ಲ ಅಕ್ಕಾ. ಆದರೆ ಬೀದಿಯವರೆಲ್ಲ ಹಲಗೆ ಹಾಕಿದರೆ ನೀರು ಎಲ್ಲಾದರೂ ಹೋಗಲೇಬೇಕು. ಎದುರಿನವರಿಗೂ ವಾಲ್ವ್ ಹಾಕಿಸಿ, ನಾನೇ ಬಂದು ನಿಂತು ಹಾಕಿಸುತ್ತೇನೆ. ಬೀದಿಯ ಚರಂಡಿ ಮಟ್ಟ ಒಂದು ಭಾನುವಾರ ಅಳೆಯೋಣ, ಲೆವೆಲ್ ಉಪಕರಣ ನನ್ನ ಹತ್ತಿರ ಇದೆ. ಹೂತ ಮೆಟ್ಟಿಲಿನ ಲೆಕ್ಕವೂ ಸಿಗುತ್ತದೆ. ಕಾಗದದಲ್ಲಿ ಬರೆದು ಕೊಟ್ಟರೆ ಮುಂದಿನ ಸಲ ಡಾಂಬರು ಹಾಕುವ ಮೊದಲು ಹಳೆಯದನ್ನ ಕೆರೆಯಿರಿ ಅಂತ ಕೇಳಬಹುದು.

ಬಾದಾಮಿ ಗೌಂಡಿ · ಅಕ್ಟೋಬರ್ 26, ರಾತ್ರಿ 8.40

ಅಕ್ಕಾರ, ಸುಣ್ಣ ಸಿಕ್ಕಿತು. ಬರುವ ಭಾನುವಾರ ಬೆಳಗ್ಗೆ ಆರಕ್ಕೆ ಹಿತ್ತಲಲ್ಲಿ ಅರಳಿಸುತ್ತೇನೆ. ಸುಡು ಸುಣ್ಣ ನೀರಿಗೆ ಬಿದ್ದರೆ ಕುದಿಯುತ್ತದೆ, ಮಕ್ಕಳನ್ನ ದೂರ ಇಡಿ. ಆಮೇಲೆ ಎರಡು ವಾರ ನೀರಲ್ಲೇ ನೆನೆಯಬೇಕು. ಗಾರೆಗೆ ಸೇರಿಸುವ ಅಳಲೆಕಾಯಿ ನಾನು ತರುತ್ತೇನೆ, ಬೆಲ್ಲ ನಿಮ್ಮ ಅಡುಗೆ ಮನೆಯದೇ ಸಾಕು. ವಾಸ್ಕೊ ತಮ್ಮಾ, ನಿನಗೆ ಕೆಲಸ ಇಲ್ಲದಿದ್ದರೆ ಬಾ. ತಗಡಿನ ಕೆಲಸ ಬಿಡು ಅನ್ನಲ್ಲ, ಇದೂ ಗೊತ್ತಿರಲಿ.

ವಾಸ್ಕೊ ತಗಡು · ಅಕ್ಟೋಬರ್ 26, ರಾತ್ರಿ 9.05

ಬರುತ್ತೇನೆ ಅಣ್ಣಾ. ಕೂಲಿ ಎಷ್ಟು?

ಖಾನಾವಳಿ ಅಕ್ಕ · ಅಕ್ಟೋಬರ್ 26, ರಾತ್ರಿ 9.10

ಪೂರ್ತಿ ದಿನದ ಕೂಲಿ ಕೊಡುತ್ತೇನೆ ತಮ್ಮಾ, ಊಟ ಬೇರೆ. ಹಳೇ ಬಟ್ಟೆ ಹಾಕಿಕೊಂಡು ಬಾ. ಹಲಗೆ ದಾಟಿ ಬರಬೇಕಾಗಿಲ್ಲ, ತೆಗೆದು ಅಟ್ಟದ ಮೇಲೆ ಇಟ್ಟಿದ್ದೇನೆ.